ಒಂದೂವರೆ ಟನ್ ಚಿನ್ನಕ್ಕೆ ಇಪ್ಪತ್ತು ಕಂತು

'ವಿನ್ಸೆಂಜೊ' ಅಂತ ಒಂದು ಕೊರಿಯನ್ ಸೀರಿಯಲ್ಲು. 2021ರದು. ಸೋಲ್ ನಗರದ ಒಂದು ಹಳೇ ಕಾಂಪ್ಲೆಕ್ಸಿನ ನೆಲದಡಿ ಒಂದೂವರೆ ಟನ್ ಚಿನ್ನದ ಗಟ್ಟಿ ಬಚ್ಚಿಟ್ಟಿರುತ್ತಾರೆ. ಅದನ್ನು ಎತ್ತಿಕೊಂಡು ಹೋಗಲು ಇಟಲಿಯಿಂದ ಒಬ್ಬ ಮಾಫಿಯಾ ವಕೀಲ ಸೂಟು ತೊಟ್ಟು ಇಳಿಯುತ್ತಾನೆ. ಆದರೆ ಮೇಲೆ ಬಾಡಿಗೆಗಿರುವ ಇಸ್ತ್ರಿಯವನು, ಗಿರವಿ ಅಂಗಡಿಯವನು, ಡ್ಯಾನ್ಸ್ ಮೇಷ್ಟ್ರು, ಬೌದ್ಧ ಭಿಕ್ಷುಗಳು ಯಾರೂ ಜಾಗ ಬಿಟ್ಟು ಕದಲುವುದಿಲ್ಲ. ಜೊತೆಗೆ ಕಟ್ಟಡ ಒಡೆಯಲು ಹೊಂಚು ಹಾಕಿರುವ ದೊಡ್ಡ ಕಂಪನಿಯೊಂದು. ಹೀಗೆ ಎಳೆದೂ ಎಳೆದೂ 20 ಕಂತು, ಒಂದೊಂದು ಕಂತೂ ಒಂದು ಗಂಟೆಗೆ ಮೇಲೆ.

ಇದನ್ನು ಸೋಲ್‌ನಲ್ಲಿ ಕೂತು ನೋಡುವುದು ಬೇರೆ, ಕೆಜಿಎಫ್ ಎಂಬ ಕೋಲಾರದ ಚಿನ್ನದ ಗಣಿಯೂರಿನ ರಾಬರ್ಟ್‌ಸನ್‌ಪೇಟೆಯಲ್ಲಿ ಕೂತು ನೋಡುವುದು ಬೇರೆ. ನಮ್ಮ ಕಾಲಡಿಯಿಂದ 120 ವರ್ಷದಲ್ಲಿ 800 ಟನ್ನಿಗೂ ಮಿಕ್ಕಿ ಚಿನ್ನ ಮೇಲೆ ಬಂದು ಹೋಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್‌ನವರೂ ಸೂಟು ತೊಟ್ಟೇ ಇಳಿದಿದ್ದರು. ಅವರಿಗೆ ಯಾವ ಇಸ್ತ್ರಿಯವನೂ ಅಡ್ಡ ನಿಲ್ಲಲಿಲ್ಲ. ಒಂದೂವರೆ ಟನ್ನಿಗೆ 20 ಕಂತಾದರೆ 800 ಟನ್ನಿಗೆ ಎಷ್ಟು ಎಂದು ಲೆಕ್ಕ ಹಾಕಿ ನೋಡಿದೆ. ಹತ್ತು ಸಾವಿರದ ಆರುನೂರು ದಾಟುತ್ತದೆ. ದೊಡ್ಡ ಸಂಖ್ಯೆ ಎಂದು ಗಾಬರಿ ಬೇಡ, ನಮ್ಮ ಕನ್ನಡ ಚಾನೆಲ್‌ನವರು ಒಬ್ಬ ಅತ್ತೆ, ಒಂದು ಕಾಫಿ ಲೋಟ ಕೊಟ್ಟರೆ ಅಷ್ಟು ತೆಗೆದುಕೊಡುತ್ತಾರೆ.

ಈ ಕೊರಿಯಾದ ರೋಗ ನಮ್ಮ ಸೀಮೆಗೆ ಹರಡಿದ್ದನ್ನು ನೋಡಬೇಕೆಂದರೆ ಬೆಳಗಿನ ಮಾರಿಕುಪ್ಪಂ ರೈಲು ಹತ್ತಬೇಕು. ಚಿನ್ನದ ಗಣಿಗಾಗಿ 1894ರಲ್ಲಿ ಹಾಕಿದ ದಾರಿ ಅದು. ಈಗ ಅದರಲ್ಲಿ ಸಾಗುವ ಸರಕು ಮನುಷ್ಯರು ಮಾತ್ರ. ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ಸೀಟು ಮುಗಿದಿರುತ್ತದೆ. ಅಲ್ಲಿ ಹತ್ತಿದವರು ಬಾಗಿಲ ಬಳಿ ಒಂಟಿಗಾಲಲ್ಲಿ ನಿಂತು, ಇನ್ನೊಬ್ಬರ ಬ್ಯಾಗಿನ ಮೇಲೆ ಮೊಣಕೈ ಊರಿ, ಮೊಬೈಲು ತೆಗೆಯುತ್ತಾರೆ. ಇಬ್ಬರು ಹುಡುಗಿಯರಿಗೆ ಒಂದೇ ಇಯರ್‌ಫೋನು, ಎಡಗಿವಿ ಒಬ್ಬಳದು, ಬಲಗಿವಿ ಇನ್ನೊಬ್ಬಳದು. ಟೇಕಲ್ ಹೊತ್ತಿಗೆ ಹೀರೋ ಹೀರೋಯಿನ್ನಿನ ಮಣಿಕಟ್ಟು ಹಿಡಿಯುತ್ತಾನೆ. ಮಾಲೂರಿನಲ್ಲಿ ನೆಟ್‌ವರ್ಕ್ ಹೋಗುತ್ತದೆ. ವೈಟ್‌ಫೀಲ್ಡ್ ಬಂದರೂ ಅವನು ಮಣಿಕಟ್ಟು ಬಿಟ್ಟಿರುವುದಿಲ್ಲ. ಹಿನ್ನೆಲೆಯಲ್ಲಿ ಪಿಯಾನೋ, ಒಂದೇ ನೋಟವನ್ನು ಮೂರು ದಿಕ್ಕಿನಿಂದ ಮೂರು ಸಲ ತೋರಿಸುತ್ತಾರೆ. ಕೆ.ಆರ್.ಪುರದಲ್ಲಿ ಅರ್ಧ ಬೋಗಿ ಖಾಲಿಯಾಗುವಾಗ ಕಣ್ಣೊರೆಸಿಕೊಂಡು ಇಳಿಯುವವರನ್ನು ಕಂಡರೆ ಊರು ಬಿಟ್ಟು ಬಂದ ದುಃಖ ಅಂದುಕೊಳ್ಳಬೇಡಿ. ಹೀರೋ ಮರೆವಿನ ಕಾಯಿಲೆಗೆ ಬಿದ್ದಿರುತ್ತಾನೆ.

ಆ ಲೋಕದ ಕಾನೂನುಗಳು ನಮ್ಮ ಮೋಟಾರು ವಾಹನ ಕಾಯ್ದೆಗಿಂತ ಕಟ್ಟುನಿಟ್ಟು. ಹೀರೋ ಕಂಪನಿ ಛೇರ್ಮನ್ನಿನ ಮಗನೇ ಆಗಬೇಕು. ಹೀರೋಯಿನ್ ಮೂರು ಕಡೆ ಕೆಲಸ ಮಾಡುತ್ತಾಳೆ, ಆದರೂ ಮುಖದ ಮೇಲೆ ಒಂದು ಮೊಡವೆ ಇರಬಾರದು. ಮಳೆ ಬಂದರೆ ಇಬ್ಬರಲ್ಲಿ ಒಬ್ಬರ ಹತ್ತಿರ ಮಾತ್ರ ಕೊಡೆ ಇರತಕ್ಕದ್ದು. ವರ್ಷದ ಮೊದಲ ಹಿಮ ಬಿದ್ದಾಗ ಪ್ರೀತಿ ಹೇಳಿಕೊಳ್ಳುವುದು ಕಡ್ಡಾಯ. ಇನ್ನು ಎಲ್ಲ ಸುಸೂತ್ರ ಎನ್ನುವ ಹೊತ್ತಿಗೆ ಅಡ್ಡರಸ್ತೆಯಿಂದ ಒಂದು ಲಾರಿ ನುಗ್ಗಿ ಬರುತ್ತದೆ. ಆ ಲಾರಿಗೆ ಡ್ರೈವರ್ ಯಾರು, ಬ್ರೇಕ್ ಯಾಕಿಲ್ಲ, ಅದರಲ್ಲಿ ತುಂಬಿರುವ ಮಾಲು ಯಾವುದು ಎಂದು ಯಾವ ಸೀರಿಯಲ್ಲಿನ ಪೊಲೀಸರೂ ಕೇಳಿದ್ದಿಲ್ಲ.

ಕೊರಿಯಾದ ಬಡತನದ ಬಗ್ಗೆ ಒಂದು ಮಾತು. ಅಲ್ಲಿಯ ಬಡ ಹುಡುಗಿ ಬಹುಪಾಲು ತಾರಸಿ ಮೇಲಿನ ಒಂಟಿ ಕೋಣೆಯಲ್ಲಿರುತ್ತಾಳೆ. ಹೊರಗೆ ಮರದ ಮಂಚ, ಕುಂಡದಲ್ಲಿ ಗಿಡ, ಕೆಳಗೆ ಇಡೀ ಸೋಲ್ ನಗರದ ದೀಪಗಳು. ಬೆಂಗಳೂರಿನಲ್ಲಿ ಆ ನೋಟವಿರುವ ಮನೆಗೆ ಅಡ್ವಾನ್ಸ್ ಕೊಡಬೇಕಾದರೆ ಹೊಲ ಮಾರಬೇಕು. ಚಾಂಪಿಯನ್ ರೀಫ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿ ಮನೆಗೆ ಕೂತಿರುವ ತಾತ ಒಬ್ಬರಿದ್ದಾರೆ ನಮ್ಮ ಕಡೆ. ಹುಟ್ಟಿದ್ದು, ಮದುವೆಯಾಗಿದ್ದು, ಮಕ್ಕಳನ್ನು ಸಾಕಿದ್ದು ಎಲ್ಲ ಗಣಿ ಕಂಪನಿಯ ಲೈನ್ ಮನೆಯಲ್ಲೇ, ಹೆಚ್ಚುಕಡಿಮೆ ಹತ್ತಡಿಗೆ ಹತ್ತಡಿ. ಮೊಮ್ಮಗಳು ಮೊಬೈಲು ತೋರಿಸಿ, "ಪಾಪ ತಾತ, ಈ ಅಕ್ಕ ತುಂಬಾ ಬಡವರು" ಅಂದಳು. ತಾತ ಕನ್ನಡಕ ಏರಿಸಿ ಚೆನ್ನಾಗಿ ನೋಡಿದರು.

"ಬಡವರಾ? ಕಕ್ಕಸು ಮನೆಯೊಳಗೇ ಐತಲ್ಲಮ್ಮಾ!"

ಆಮೇಲೆ ತಾತ ಫ್ರಿಜ್ಜಿಗೆ ಎರಡು ಬಾಗಿಲಿರುವುದನ್ನೂ ಎಣಿಸಿದರು. ವಿಮರ್ಶಕರು ಪುಟಗಟ್ಟಲೆ ಬರೆದು ಹೇಳುವುದನ್ನು ಇಷ್ಟರಲ್ಲಿ ಮುಗಿಸಿ ಚಹಾ ಕೇಳಿದರು.

ನಮ್ಮಲ್ಲಿ ಕೊರಿಯಾ ಮೊದಲು ಬಂದಿದ್ದು ತಮಿಳಿನಲ್ಲಿ. 2013ರಲ್ಲಿ ಶುರುವಾದ ಪುದುಯುಗಂ ಚಾನೆಲ್ಲು ಕೊರಿಯನ್ ಸೀರಿಯಲ್ಲುಗಳನ್ನು ತಮಿಳಿಗೆ ಡಬ್ ಮಾಡಿ ಹಾಕಿತು. ಕೆಜಿಎಫ್‌ನ ಮನೆಮನೆಯಲ್ಲಿ ಸೋಲ್‌ನ ಶ್ರೀಮಂತ ಹುಡುಗರು ಶುದ್ಧ ತಮಿಳಿನಲ್ಲಿ ಅತ್ತರು, ಜಗಳವಾಡಿದರು. ಪಕ್ಕದ ಮನೆಯ ಕನ್ನಡದವರೂ ತೆಲುಗಿನವರೂ ಅದನ್ನೇ ನೋಡಿದರು. ಈ ಊರಲ್ಲಿ ಭಾಷೆ ಯಾವತ್ತೂ ಅಡ್ಡಿಯಲ್ಲ, ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮೂರು ಭಾಷೆ ಬಾಯಲ್ಲಿ ಆಗಿರುತ್ತದೆ.

ಕನ್ನಡದಲ್ಲಿ ಯಾಕೆ ಬರಲಿಲ್ಲ? ಕನ್ನಡವನ್ನು ಕಾಪಾಡುತ್ತಿದ್ದೆವು, ಅದಕ್ಕೇ. ಹೊರಗಿನವರ ಬಾಯಲ್ಲಿ ಕನ್ನಡ ಬಂದರೆ ಕನ್ನಡ ಸತ್ತುಹೋಗುತ್ತದೆ ಎಂಬ ಮಹಾ ಸಿದ್ಧಾಂತವನ್ನು ನಮ್ಮ ಚಿತ್ರರಂಗ ಅರ್ಧ ಶತಮಾನ ಕಾದುಕೊಂಡು ಬಂತು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗಿಗೆ ಅಡ್ಡಗಾಲು ಹಾಕಿದವರಿಗೆ ದಂಡ ಹಾಕಿತು. 2017ರಲ್ಲಿ 'ಸತ್ಯದೇವ್ ಐಪಿಎಸ್' ಎಂಬ ಹೆಸರಲ್ಲಿ ಒಂದು ತಮಿಳು ಚಿತ್ರ ಕನ್ನಡ ಮಾತಾಡಿತು. 2020ರ ಲಾಕ್‌ಡೌನಿನಲ್ಲಿ ಮಹಾಭಾರತವೇ ಡಬ್ ಆಗಿ ಬಂದು, ಕೃಷ್ಣ ಕನ್ನಡದಲ್ಲಿ ಉಪದೇಶ ಮಾಡಿದರೂ ಆಕಾಶ ಕಳಚಿ ಬೀಳಲಿಲ್ಲ. ಆದರೆ ಅಷ್ಟರಲ್ಲಿ ಎರಡು ತಲೆಮಾರಿನ ಕನ್ನಡಿಗರು ಜಾಕಿ ಚಾನ್‌ನನ್ನು ತೆಲುಗಿನಲ್ಲಿ, ಕೊರಿಯಾವನ್ನು ತಮಿಳಿನಲ್ಲಿ ನೋಡಿ ರೂಢಿಯಾಗಿದ್ದರು. ಕೋಲಾರ ಜಿಲ್ಲೆಯಲ್ಲಿ ತಮಿಳು ತೆಲುಗು ಜಾಸ್ತಿಯಾಯಿತು ಎಂದು ನವೆಂಬರ್ 1ಕ್ಕೆ ಮೈಕಿನಲ್ಲಿ ಕೂಗುವವರು ಈ ಕಾಪಾಡಿದ ಸೇವೆಗೂ ಒಂದು ಹಾರ ತಂದರೆ ಚೆನ್ನ.

ಚೀನಾದವರ ಕಥೆ ಕೇಳಿ. ಚೀನೀ ಸೀರಿಯಲ್ಲುಗಳಲ್ಲಿ ಬಹುತೇಕ ನಟರ ದನಿ ಅವರದಲ್ಲ. ಒಬ್ಬೊಬ್ಬ ನಟನದು ಒಂದೊಂದು ಪ್ರಾಂತ್ಯದ ಉಚ್ಚಾರ, ಶೂಟಿಂಗ್ ಜಾಗದಲ್ಲಿ ಗಲಾಟೆ ಬೇರೆ. ಹಾಗಾಗಿ ಬೇರೆ ಕಲಾವಿದರಿಂದ ದನಿ ಕೊಡಿಸುತ್ತಾರೆ. ಚೀನಿಯನ್ನು ಚೀನಿಗೇ ಡಬ್ ಮಾಡುತ್ತಾರೆ! ನಗುವ ಮೊದಲು ನಮ್ಮನೆ ಕಡೆಯೂ ಕಣ್ಣು ಹಾಯಿಸಿ. ಮುಂಬೈನಿಂದ ಬಂದ ಹೀರೋಯಿನ್ನಿಗೆ ಬೆಂಗಳೂರಿನ ಹುಡುಗಿ ದನಿ ಕೊಟ್ಟರೆ ಅದು ಕಲೆ. ಮುಂಬೈನ ಇಡೀ ಸಿನಿಮಾಕ್ಕೆ ಅದೇ ಹುಡುಗಿ ದನಿ ಕೊಟ್ಟರೆ ಅದು ದ್ರೋಹ.

ಚೀನೀ ಸೀರಿಯಲ್ಲುಗಳ ಅಳತೆಗೋಲೇ ಬೇರೆ. 2017ರ 'ಎಟರ್ನಲ್ ಲವ್'ನಲ್ಲಿ ಹುಡುಗಿ ಒಂಬತ್ತು ಬಾಲದ ನರಿ ವಂಶದ ದೇವತೆ, ವಯಸ್ಸು 1,40,000 ವರ್ಷ. ಹುಡುಗ 50,000ದ ಎಳೆಯ. ತೊಂಬತ್ತು ಸಾವಿರ ವರ್ಷ ದೊಡ್ಡವಳನ್ನು ಒಪ್ಪಿಕೊಂಡ ಆ ಸ್ವರ್ಗದ ಮನೆತನದ ದೊಡ್ಡ ಮನಸ್ಸು ನಮ್ಮ ಮದುವೆ ಬ್ರೋಕರ್‌ಗಳಿಗೆ ಬರಬೇಕು. ಇಲ್ಲಿ ಹುಡುಗಿ ಎರಡು ತಿಂಗಳು ದೊಡ್ಡವಳಾದರೆ ಜಾತಕವೇ ಕಳೆದುಹೋಗುತ್ತದೆ. 58 ಕಂತಿನಲ್ಲಿ ಅವರು ಹುಟ್ಟಿ, ಸತ್ತು, ಮರೆತು, ಮತ್ತೆ ಹುಟ್ಟಿ ಸೇರುತ್ತಾರೆ. ಬಿಳಿ ನಿಲುವಂಗಿ ಗಾಳಿಯಲ್ಲಿ ಹಾರುತ್ತಲೇ ಇರುತ್ತದೆ, ಅದನ್ನು ಒಗೆದು ಒಣಗಿಸುವವರು ಮಾತ್ರ ಸ್ವರ್ಗದಲ್ಲಿ ಕಾಣಿಸುವುದಿಲ್ಲ. ವಯಸ್ಸಿನ ವಿಷಯಕ್ಕೆ ಬಂದರೆ ನಮ್ಮದೇನು ಕಮ್ಮಿಯಿಲ್ಲ. ಕೋಲಾರದ ಚಿನ್ನದ ಕಲ್ಲಿಗೆ ಸುಮಾರು 270 ಕೋಟಿ ವರ್ಷ. ಆ ದೇವತೆ ನಮ್ಮ ಕಲ್ಲಿನ ಮುಂದೆ ಇನ್ನೂ ತೊಟ್ಟಿಲ ಕೂಸು.

2018ರ 'ಯಾನ್‌ಷಿ ಅರಮನೆಯ ಕಥೆ' 70 ಕಂತು. ಅರಮನೆಯ ಅಂತಃಪುರದಲ್ಲಿ ವಿಷ, ಗರ್ಭಪಾತ, ಚಾಡಿ, ಮತ್ತೆ ವಿಷ. ನೋಡಿ ಬೆಳೆದ ಮನೆಯಂತೆ ಅನ್ನಿಸಿ ನಮ್ಮ ಸೀರಿಯಲ್ ಪ್ರಿಯರು ಬೇಗ ಒಗ್ಗಿಕೊಂಡರು. 2020ರಲ್ಲಿ ಚೀನಾ ಸರ್ಕಾರ ಒಂದು ಸೀರಿಯಲ್ಲು 40 ಕಂತು ಮೀರಬಾರದು ಎಂದು ಅಪ್ಪಣೆ ಹೊರಡಿಸಿತು. ಸರ್ವಾಧಿಕಾರದ ಪರ ನಾನಿಲ್ಲ. ಆದರೆ ಈ ಒಂದು ಅಪ್ಪಣೆಯನ್ನು ಸಂಜೆ ಏಳರಿಂದ ಹತ್ತರವರೆಗೆ ಕರ್ನಾಟಕಕ್ಕೆ ಎರವಲು ತರಬಹುದೇ ಎಂದು ಕಾನೂನು ಬಲ್ಲವರು ಹೇಳಬೇಕು.

ಅದೇ ವರ್ಷ ಗಡಿಯಲ್ಲಿ ಜಗಳವಾಗಿ ನಾವು ಚೀನೀ ಆ್ಯಪ್‌ಗಳನ್ನು ಕಂತು ಕಂತಾಗಿ ನಿಷೇಧಿಸಿದೆವು. ನವೆಂಬರ್ 24ರಂದು ನಿಷೇಧವಾದ 43ರಲ್ಲಿ ಚೀನೀ ಸೀರಿಯಲ್ ತೋರಿಸುವ ವೀಟಿವಿಯೂ ಇತ್ತು. ಅಂತಃಪುರದ ಸಖಿಯರೆಲ್ಲ ಗಂಟುಮೂಟೆ ಕಟ್ಟಿಕೊಂಡು ಯೂಟ್ಯೂಬಿಗೆ ಹೋದರು, ದೇಶ ಕ್ಷೇಮವಾಯಿತು. ಮೂರು ವಾರ ತುಂಬುವ ಮೊದಲೇ, ಡಿಸೆಂಬರ್ 12ರಂದು, ನಮ್ಮ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುವ ತೈವಾನಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳ ಸರಿಯಾಗಿ ಬಂದಿಲ್ಲವೆಂದು ರೊಚ್ಚಿಗೆದ್ದ ಕಾರ್ಮಿಕರು ಗಾಜು ಒಡೆದರು. ಕೊರಿಯಾದ ಸೀರಿಯಲ್ಲಾಗಿದ್ದರೆ ಛೇರ್ಮನ್ನಿನ ಮಗ ವೇಷ ಮರೆಸಿಕೊಂಡು ಅಸೆಂಬ್ಲಿ ಲೈನಿಗೆ ಬಂದು, ಸ್ಕ್ರೂ ತಿರುಗಿಸುವ ಹುಡುಗಿಯ ಕೈ ಹಿಡಿಯುತ್ತಿದ್ದ. ಇಲ್ಲಿ ಪೊಲೀಸರು ಬಂದು ಹುಡುಗರ ಕೈ ಹಿಡಿದರು. ಒಂದು ವಾರ ಬಿಟ್ಟು ಕಂಪನಿ, ಹೌದು, ಕೆಲವರಿಗೆ ಸಂಬಳ ಸರಿಯಾಗಿ ಪಾವತಿಯಾಗಿರಲಿಲ್ಲ ಎಂದು ಒಪ್ಪಿ ಕ್ಷಮೆ ಕೇಳಿತು. 2023ರಲ್ಲಿ ಕಾರ್ಖಾನೆ ಟಾಟಾದವರ ಪಾಲಾಯಿತು.

ಅಂದಹಾಗೆ, ಕೊರಿಯಾದವರ ಜಗತ್ಪ್ರಸಿದ್ಧ ಸೀರಿಯಲ್ಲಿನಲ್ಲಿ ಭಾರತದ ನಟನಿಗೆ ಸಿಕ್ಕ ದೊಡ್ಡ ಪಾತ್ರ ಯಾವುದು ಗೊತ್ತಲ್ಲ? 2021ರ 'ಸ್ಕ್ವಿಡ್ ಗೇಮ್'ನ ಅಲಿ. ದೆಹಲಿಯ ಅನುಪಮ್ ತ್ರಿಪಾಠಿ ಮಾಡಿದ್ದು. ಪಾತ್ರ ಪಾಕಿಸ್ತಾನದ ಕೂಲಿಯದು, ಫ್ಯಾಕ್ಟರಿ ಮಾಲೀಕ ತಿಂಗಳುಗಟ್ಟಲೆ ಸಂಬಳ ಕೊಡದೆ ಸತಾಯಿಸಿದ ಕೆಲಸಗಾರ. ಉಪಖಂಡದವರನ್ನು ಕಂಡರೆ ಅವರಿಗೆ ನೆನಪಾಗುವುದು ಇದು. ದೂರ ಕೂತವರ ಕಣ್ಣು ಎಷ್ಟು ಚುರುಕು ನೋಡಿ.

ಕೊರಿಯಾದಲ್ಲೂ ಗಣಿ ಮುಚ್ಚಿದ ಊರುಗಳಿವೆ. ತೇಬೆಕ್ ಅಂತ ಒಂದು, ಕಲ್ಲಿದ್ದಲಿನ ಊರು. ವಿನ್ಸೆಂಜೊ ಆದ ನಟ ಸಾಂಗ್ ಜೂಂಗ್ ಕಿ 2016ರಲ್ಲಿ 'ಡಿಸೆಂಡೆಂಟ್ಸ್ ಆಫ್ ದಿ ಸನ್'ನಲ್ಲಿ ಮಿಲಿಟರಿ ಕ್ಯಾಪ್ಟನ್ ಆಗಿದ್ದ. ಅದಕ್ಕೆ ತೇಬೆಕ್‌ನ ಪಾಳುಬಿದ್ದ ಗಣಿ ಜಾಗದಲ್ಲಿ ಸೆಟ್ ಹಾಕಿದರು. ಶೂಟಿಂಗ್ ಮುಗಿದ ಮೇಲೆ ಕಿತ್ತರು. ಸೀರಿಯಲ್ಲು ಗೆದ್ದ ಮೇಲೆ ನೋಡಲು ಜನ ಬರುತ್ತಾರೆಂದು ಕಿತ್ತ ಸೆಟ್ಟನ್ನು ಮತ್ತೆ ಕಟ್ಟಿದರು. ಪಕ್ಕದ ಜಂಗ್‌ಸನ್‌ನಲ್ಲಿ 2000ದಲ್ಲಿ ಕ್ಯಾಸಿನೋ ತೆರೆದರು. ಇಡೀ ದೇಶದಲ್ಲಿ ಕೊರಿಯನ್ನರೇ ಒಳಗೆ ಹೋಗಿ ಜೂಜಾಡಬಹುದಾದ ಒಂದೇ ಜಾಗ ಅದು. ಈಗ ಆ ಗಣಿ ಬೀದಿಯಲ್ಲಿ ಕಾರು ಅಡವಿಟ್ಟುಕೊಳ್ಳುವ ಅಂಗಡಿಗಳಿವೆಯಂತೆ. ಕ್ಯಾಸಿನೋ ಇಲ್ಲದೆಯೇ ನಮ್ಮ ರಾಬರ್ಟ್‌ಸನ್‌ಪೇಟೆ ಗಿರವಿ ಅಂಗಡಿ ತೆರೆದಿದೆ ಎನ್ನುವುದನ್ನು ಈ ಹೊತ್ತಿನಲ್ಲಿ ಹೆಮ್ಮೆಯಿಂದ ನೆನೆಯಬೇಕು. ಚೀನಾದವರಂತೂ ಝೆಜಿಯಾಂಗ್ ಪ್ರಾಂತ್ಯದ ಹೆಂಗ್‌ಡಿಯನ್ ಎಂಬ ಬಡ ಹಳ್ಳಿಗಾಡಿನಲ್ಲಿ 1996ರಿಂದ ಸ್ಟುಡಿಯೋ ಕಟ್ಟುತ್ತಾ ಹೋಗಿ, ಬೀಜಿಂಗಿನ ಅರಮನೆಯ ಪಡಿಯಚ್ಚನ್ನೇ ಅಲ್ಲಿ ನಿಲ್ಲಿಸಿದರು.

ನಾವು? ನಮ್ಮ ಗಣಿಯ ಸೈರನ್ 2001ರ ಫೆಬ್ರವರಿ 28ಕ್ಕೆ ನಿಂತಿತು. ಖರ್ಚು ಗಿಟ್ಟುವುದಿಲ್ಲ ಎಂದರು. ಆಗ ಹತ್ತು ಗ್ರಾಂ ಚಿನ್ನಕ್ಕೆ ನಾಲ್ಕು ಸಾವಿರದ ಆಸುಪಾಸು. 2025ರಲ್ಲಿ ಲಕ್ಷ ದಾಟಿತು. ಇಂಥ ಟೈಮಿಂಗ್ ಕೊರಿಯಾದ ಲಾರಿಗೂ ಇಲ್ಲ. ಆಮೇಲೆ 2018ರಲ್ಲಿ ನಮ್ಮ ಮೇಲೇ 'ಕೆಜಿಎಫ್' ಅಂತ ಒಂದು ಸಿನಿಮಾ ಬಂತು, 2022ರಲ್ಲಿ ಅದರ ಎರಡನೇ ಭಾಗ. ಜಗತ್ತಿಗೆಲ್ಲ ನಮ್ಮೂರ ಹೆಸರು ತಿಳಿಯಿತು, ಊರು ಮಾತ್ರ ತಿಳಿಯಲಿಲ್ಲ. ಆ ಚಿತ್ರದಲ್ಲಿ 1970ರ ದಶಕದ ಕೊನೆಯಲ್ಲಿ ನರಾಚಿ ಎಂಬಲ್ಲಿ ಜೀತದಾಳುಗಳು ಕಗ್ಗತ್ತಲಲ್ಲಿ ಚಿನ್ನ ಅಗೆಯುತ್ತಾರೆ. ಅದೇ ಹೊತ್ತಿಗೆ ನಿಜವಾದ ಕೆಜಿಎಫ್‌ನಲ್ಲಿ ಕೇಂದ್ರ ಸರ್ಕಾರದ ಕಂಪನಿ, ಯೂನಿಯನ್ ಬಾವುಟ, ಪಿಎಫ್ ಚೀಟಿ ಎಲ್ಲ ಇದ್ದವು. ಶಿವನಸಮುದ್ರದ ಕರೆಂಟು 1902ರಲ್ಲೇ ಬಂದಿತ್ತು, ಬೆಂಗಳೂರಿಗಿಂತ ಮೂರು ವರ್ಷ ಮುಂಚೆ. ದೀಪವಿದ್ದ ಊರನ್ನು ಕತ್ತಲಾಗಿಸಲು ಕೋಟಿಗಟ್ಟಲೆ ಖರ್ಚು ಮಾಡಬೇಕಾಯಿತು.

ಶೂಟಿಂಗಿಗೆ ಆರಿಸಿದ್ದು ಸೈನೈಡ್ ದಿಬ್ಬ. ಚಿನ್ನ ತೆಗೆದ ಕಲ್ಲಿನ ಪುಡಿಯನ್ನು ನೂರು ವರ್ಷ ಸುರಿದು ಆದ ಗುಡ್ಡ ಅದು. 2019ರಲ್ಲಿ ಚಿತ್ರೀಕರಣದಿಂದ ದಿಬ್ಬದ ಪರಿಸರ ಹಾಳಾಗುತ್ತಿದೆ ಎಂದು ಯಾರೋ ದೂರು ಕೊಟ್ಟು, ಸ್ಥಳೀಯ ನ್ಯಾಯಾಲಯ ಶೂಟಿಂಗ್ ನಿಲ್ಲಿಸಲು ಹೇಳಿತು. ಸೈನೈಡಿನಿಂದ ಊರನ್ನು ಕಾಪಾಡಿ ಎಂದು ಜನ ಬಡಕೊಂಡು ಎಷ್ಟೋ ಕಾಲವಾಗಿತ್ತು. ಕೊನೆಗೂ ಒಂದು ರಕ್ಷಣೆ ಸಿಕ್ಕಿತು, ಸಿನಿಮಾದವರಿಂದ ಸೈನೈಡಿಗೆ. 2024ರ ಜೂನ್‌ನಲ್ಲಿ ಸಾವಿರ ಎಕರೆಯಲ್ಲಿ ಹರಡಿದ 13 ದಿಬ್ಬಗಳಿಂದ ಮತ್ತೆ ಚಿನ್ನ ಸೋಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ತಲೆಯಾಡಿಸಿದೆ. ಸೀಸನ್ ಟೂ ಘೋಷಣೆ ಎಂದರೆ ಹೀಗೇ, ಟೀಸರ್ ಬರುತ್ತದೆ, ತಾರೀಖು ಬರುವುದಿಲ್ಲ.

ಬಂಗಾರಪೇಟೆಯವರು ಮುನಿಸಿಕೊಂಡಾರು, ಅವರ ವಿಷಯವನ್ನೂ ಹೇಳಿಬಿಡುತ್ತೇನೆ. ಕೊರಿಯನ್ ಸೀರಿಯಲ್ಲಿನಲ್ಲಿ ಸೆಕೆಂಡ್ ಹೀರೋ ಅಂತ ಒಬ್ಬನಿರುತ್ತಾನೆ. ಹುಡುಗಿ ಅತ್ತಾಗ ಕರವಸ್ತ್ರ ಕೊಡುವವನು, ಹಸಿದಾಗ ಊಟ ಹಾಕುವವನು, ರಾತ್ರಿ ಮನೆಗೆ ಬಿಡುವವನು ಅವನೇ. ಕೊನೆಯ ಕಂತಿನಲ್ಲಿ ಅವಳು ಛೇರ್ಮನ್ನಿನ ಮಗನ ಜೊತೆ ಹೋಗುತ್ತಾಳೆ, ಇವನು ನಕ್ಕು ಹಾರೈಸುತ್ತಾನೆ. ಬಂಗಾರಪೇಟೆ ಇಂಥ ಸೆಕೆಂಡ್ ಹೀರೋ. ಹೆಸರಲ್ಲಿ ಬಂಗಾರ, ಕೈಗೆ ಚಿನ್ನದ ಪುಡಿಯೂ ತಾಕಿಲ್ಲ. ಮೊದಲು ಬೌರಿಂಗ್ ದೊರೆಯ ಹೆಸರು ಹೊತ್ತು ಬೌರಿಂಗ್‌ಪೇಟೆ ಆಗಿದ್ದಾಗಲೂ ಇದೇ ಪಾಡು: ಗಣಿಯವರ ರೈಲಿಗೆ ಜಂಕ್ಷನ್ ಆಗಿ ನಿಂತು, ಬಂದವರನ್ನೆಲ್ಲ ಕೆಜಿಎಫ್ ಕಡೆಗೆ ಕಳಿಸಿಕೊಟ್ಟಿತು. ಎಷ್ಟೋ ವರ್ಷ ತನ್ನ ತಾಲ್ಲೂಕಿನಲ್ಲಿ ಇಟ್ಟುಕೊಂಡು ಸಾಕಿದರೂ ಕೆಜಿಎಫ್ ಬೇರೆ ತಾಲ್ಲೂಕಾಗಿ ಮನೆ ಬಿಟ್ಟು ಹೋಯಿತು. ಕೊಟ್ಟಿದ್ದೇ ಕೊಟ್ಟಿದ್ದು, ಬೆಂಗಳೂರಿಗೆ ಪಾನಿಪುರಿಯನ್ನೂ ಕೊಟ್ಟಿತು. ಬಾವಿ ನೀರಿನಷ್ಟು ತಿಳಿಯಾದ ಪಾನಿ. ಹಸಿರಿಲ್ಲ, ಕಂದಿಲ್ಲ, ಏನೂ ಹಾಕಿಲ್ಲವೇನೋ ಎಂದು ಬಾಯಿಗಿಟ್ಟರೆ ಗಂಟಲಿಗೆ ಇಳಿಯುವ ಹೊತ್ತಿಗೆ ಕಿವಿಯಲ್ಲಿ ಹೊಗೆ. ಬೆಂಗಳೂರಿನ ಬೀದಿಬೀದಿಯಲ್ಲಿ 'ಬಂಗಾರಪೇಟೆ ಚಾಟ್ಸ್' ಬೋರ್ಡಿದೆ. ಅಂಗಡಿಯವನು ಬಂಗಾರಪೇಟೆಯವನೇ ಆಗಿರಬೇಕೆಂದಿಲ್ಲ.

ಕೊರಿಯಾದವರು ತಿನ್ನುವುದನ್ನೂ ಮಾರುತ್ತಾರೆ. 2010ರಿಂದ ಸೀರಿಯಲ್ಲಿನೊಳಗೇ ಸರಕು ತೋರಿಸಲು ಅವರ ಕಾನೂನು ಒಪ್ಪಿದೆ. ಹೃದಯ ಒಡೆದ ಹೀರೋ ನೇರ ಸಬ್‌ವೇ ಅಂಗಡಿಗೆ ಹೋಗಿ, ಯಾವ ಬ್ರೆಡ್ಡು, ಯಾವ ಸಾಸು ಎಂದು ಬಿಡಿಸಿ ಹೇಳಿ, ಆಮೇಲೆ ಅಳುತ್ತಾನೆ. ಅದನ್ನು ನೋಡಿ ನಮ್ಮ ಮಕ್ಕಳು ಕೆಂಪು ನೂಡಲ್ಸ್ ಪೊಟ್ಟಣಕ್ಕೆ ನೂರಾರು ರೂಪಾಯಿ ಸುರಿದು, ಮೂಗು ಸೋರಿಸಿಕೊಂಡು, ಪಾತ್ರೆಯ ಮುಚ್ಚಳದಲ್ಲೇ ತಿನ್ನುತ್ತಾರೆ. ಮುಚ್ಚಳದಲ್ಲಿ ಉಂಡರೆ ಮದುವೆ ದಿನ ಮಳೆ ಬರುತ್ತದೆ ಎಂದು ಅಜ್ಜಿ ಬೈದರೆ, "ಬರಲಿ ಬಿಡಜ್ಜಿ, ಒಂದೇ ಕೊಡೆ ಸಾಕು" ಎನ್ನುತ್ತಾರೆ.

ಆದ್ದರಿಂದ ನಾನೂ ಒಂದು ಸೀರಿಯಲ್ಲು ಯೋಚಿಸಿದ್ದೇನೆ. 16 ಕಂತು, ಒಂದೂ ಹೆಚ್ಚಿಲ್ಲ. ಹೀರೋಯಿನ್ ಕೋರಮಂಡಲ್ ಲೈನಿನ ಹುಡುಗಿ, ದಿನಾ ಬೆಳಗ್ಗೆ ರೈಲು ಹಿಡಿಯುವವಳು. ಸೆಕೆಂಡ್ ಹೀರೋ ಬಂಗಾರಪೇಟೆ ಸ್ಟೇಷನ್ನಿನ ಎದುರು ಪಾನಿಪುರಿ ಗಾಡಿಯವನು. ಹೀರೋ ಒಬ್ಬ ಕನ್ಸಲ್ಟೆಂಟ್, ದಿಬ್ಬದಲ್ಲಿ ಇನ್ನೆಷ್ಟು ಚಿನ್ನ ಉಳಿದಿದೆ ಎಂದು ವರದಿ ಬರೆಯಲು ಬಂದವನು. ವರದಿ ಮುಗಿಯುವುದೇ ಇಲ್ಲವಾದ್ದರಿಂದ ಪ್ರೀತಿಗೆ ಬೇಕಾದಷ್ಟು ಕಾಲಾವಕಾಶವಿದೆ. ಹುಡುಗಿ ತಮಿಳು, ಗಾಡಿಯವನು ತೆಲುಗು, ಕನ್ಸಲ್ಟೆಂಟ್ ಇಂಗ್ಲಿಷು. ಅಜ್ಜಿ ಮಾತ್ರ ಕನ್ನಡ, ಆಕೆಗೆ ಮುಂಬೈನವರಿಂದ ದನಿ ಕೊಡಿಸಬೇಕಾಗಬಹುದು. ಲಾರಿಗೆ ಬಾಡಿಗೆ ಕೊಡಬೇಕಿಲ್ಲ, ಬಂಗಾರಪೇಟೆ ರಸ್ತೆಯಲ್ಲಿ ತಾನಾಗಿಯೇ ಬರುತ್ತದೆ.

ಮೊದಲ ಹಿಮದ ದೃಶ್ಯಕ್ಕೆ ಏನು ಮಾಡುತ್ತೀರಿ ಎಂದು ಒಬ್ಬ ನಿರ್ಮಾಪಕರು ಕೇಳಿದರು. ಆಷಾಢದ ಗಾಳಿ ಎದ್ದಾಗ ಒಂದು ಸಂಜೆ ಬನ್ನಿ ಎಂದೆ. ಸೈನೈಡ್ ದಿಬ್ಬದ ಬೂದು ಪುಡಿ ಮೇಲೆದ್ದು ಊರ ತುಂಬ ಸುರಿಯುತ್ತದೆ, ಒಣಹಾಕಿದ ಬಟ್ಟೆಯ ಮೇಲೆ, ಮಾಡಿನ ಮೇಲೆ, ತಲೆಗೂದಲಿನ ಮೇಲೆ. ಯಂತ್ರ ಬೇಡ, ಗ್ರಾಫಿಕ್ಸ್ ಬೇಡ, ಒಂದು ಪೈಸೆ ಖರ್ಚಿಲ್ಲ. ಅದರಡಿ ನಿಂತು ಹೀರೋ ತನ್ನ ಪ್ರೀತಿ ಹೇಳಿಕೊಳ್ಳಲಿ, ಮೂರು ದಿಕ್ಕಿನಿಂದ ಮೂರು ಸಲ ತೋರಿಸೋಣ. ಮಾತು ಮುಗಿಯುವ ಮೊದಲೇ ಇಬ್ಬರಿಗೂ ಕೆಮ್ಮು ಬರುತ್ತದಲ್ಲ ಎಂಬ ಅವರ ಆತಂಕ ನ್ಯಾಯವಾದದ್ದೇ. ಆ ಜಾಗಕ್ಕೆ ಕೆಮ್ಮಿನ ಸಿರಪ್ಪಿನ ಕಂಪನಿಯೊಂದನ್ನು ಪ್ರಾಯೋಜಕರಾಗಿ ಮಾತಾಡಿಸುತ್ತಿದ್ದೇನೆ.